ಯಂತ್ರದ ಬುದ್ಧಿಯೂ ಮನುಷ್ಯನ ಹೊಣೆಯೂ

ಓದುಕೂಟಗಳಿಗಾಗಿ ಒಂದು ಪಾಠ



ಕೃತಕ ಬುದ್ಧಿ ಎಂಬ ಮಾತು ಈಗ ನಮ್ಮ ಹಳ್ಳಿಗಳಿಗೂ ಬಂದದೆ. ಶಾಲೆಗೆ ಹೋಗುವ ಹುಡುಗನು ಅದರಿಂದ ಪ್ರಬಂಧವನ್ನು ಬರೆಸುತ್ತಾನೆ; ರೈತನು ತೆಂಗಿನ ಗರಿಗೆ ಬಂದ ರೋಗದ ಚಿತ್ರವನ್ನು ತೋರಿಸಿ ಔಷಧವನ್ನು ಕೇಳುತ್ತಾನೆ; ಮುದುಕಿಯು ಮೊಮ್ಮಗನ ಮೂಲಕ ಮಂಡಿನೋವಿಗೆ ಮದ್ದನ್ನು ವಿಚಾರಿಸುತ್ತಾಳೆ. ಈ ಯಂತ್ರಕ್ಕೆ ಕೆಲವರು ಬಹಳವಾಗಿ ಹೆದರುತ್ತಾರೆ; ಬೇರೆ ಕೆಲವರು ಅದಕ್ಕೆ ತಿಳಿಯದ್ದು ಒಂದೂ ಇಲ್ಲವೆಂದು ನಂಬುತ್ತಾರೆ. ಇವರಿಬ್ಬರೂ ಒಂದು ಪ್ರಶ್ನೆಯನ್ನು ಕೇಳದೆ ಬಿಡುತ್ತಾರೆ. ಅದು ಯಾವದಂದರೆ: ಯಂತ್ರವು ಹೇಳಿದ ಮಾತು ತಪ್ಪಾಗಿ ಒಬ್ಬನಿಗೆ ಕೇಡು ಬಂದರೆ, ಅದಕ್ಕೆ ಉತ್ತರ ಕೊಡತಕ್ಕವನು ಯಾರು? ಈ ತಿಂಗಳ ಪಾಠದಲ್ಲಿ ನಾವು ಇದನ್ನೇ ವಿಚಾರಿಸುವೆವು. ಇದಕ್ಕೆ ತಕ್ಕ ದೃಷ್ಟಾಂತಗಳು ಅರಸೀಕೆರೆ, ಬೇಲೂರು, ಹಳೇಬೀಡುಗಳಲ್ಲಿಯೇ ಸಿಕ್ಕುವದರಿಂದ ಅಲ್ಲಿಂದಲೇ ಆರಂಭಿಸೋಣ.

೧. ಯಂತ್ರವು ನಮ್ಮ ಸೀಮೆಗೆ ಹೊಸದಲ್ಲ

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ೧೧೩೩ನೇ ಇಸವಿಯಲ್ಲಿ ಕಟ್ಟಿದ ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೋಡಿದವರು ನಮ್ಮಲ್ಲಿ ಅನೇಕರು ಇದ್ದಾರೆ. ಅವು ಹತ್ತಿರ ನಿಂತವನ ನೆರಳು ಕಾಣುವಷ್ಟು ನುಣುಪು. ಉಂಗುರದ ಮೇಲೆ ಉಂಗುರವನ್ನು ಜೋಡಿಸಿದಂತೆ ದುಂಡು. ಬರೀ ಉಳಿ ಸುತ್ತಿಗೆಗಳಿಂದ ಇಂಥ ದುಂಡನ್ನು ತರುವದು ಬಹು ಕಷ್ಟ. ಹೊಯ್ಸಳರ ಕಾಲದ ಕೆಲಸಗಾರರು ಕಂಬದ ಕಲ್ಲನ್ನು ತಿರುಗುವ ಯಂತ್ರಕ್ಕೆ ಕೊಟ್ಟು ಕಡೆದರೆಂದು ವಿದ್ವಾಂಸರು ತಿಳಿಸುತ್ತಾರೆ. ಈಗಿನ ಕಾರ್ಖಾನೆಯವರು ಲೇತ್ ಎಂದು ಕರೆಯುವ ಯಂತ್ರದ ಜಾತಿಗೆ ಇದು ಸೇರಿದ್ದು. ಅವರು ಆರಿಸಿದ ಬಳಪದ ಕಲ್ಲು ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿ ತಾಕುತ್ತಾ ಗಟ್ಟಿಯಾಗುವ ಗುಣವುಳ್ಳದ್ದು; ಆದದರಿಂದ ಅದನ್ನು ಕಡೆಯುವದು ಸಾಧ್ಯವಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿರಿ. ತಿರುಗುವ ಯಂತ್ರವು ಕಲ್ಲಿಗೆ ದುಂಡನ್ನು ಕೊಟ್ಟಿತು. ಆದರೆ ಉಂಗುರವು ಎಲ್ಲಿ ಬರಬೇಕು, ಎಷ್ಟು ಆಳಕ್ಕೆ ಹೋಗಬೇಕು, ಮೇಲಿನ ತೊಲೆಯ ಭಾರವನ್ನು ಈ ಕಂಬವು ಹೊತ್ತೀತೋ ಎಂಬದನ್ನು ಯಂತ್ರವು ನಿರ್ಣಯಿಸಲಿಲ್ಲ. ಅದನ್ನು ನಿರ್ಣಯಿಸಿದವನು ಮನುಷ್ಯನು. ಕಂಬವು ಮುರಿದರೆ ತಿರುಗಣಿಯನ್ನು ಬೈಯುವವರು ಯಾರೂ ಇರುತ್ತಿರಲಿಲ್ಲ. ಕಲ್ಲುಕುಟಿಗನನ್ನೇ ಕರೆದು ಕೇಳುತ್ತಿದ್ದರು.

ಅರಸೀಕೆರೆಗೆ ಬಂದರೆ ಮತ್ತೊಂದು ದೃಷ್ಟಾಂತವುಂಟು. ಬೆಂಗಳೂರು, ಹುಬ್ಬಳ್ಳಿ, ಹಾಸನ ಈ ಮೂರು ದಿಕ್ಕುಗಳ ಹಳಿಗಳು ಅಲ್ಲಿ ಕೂಡುತ್ತವೆ. ಹಿಂದಿನ ಕಾಲದಲ್ಲಿ ಒಂದೇ ಹಳಿಯಿದ್ದ ಮಾರ್ಗಗಳಲ್ಲಿ ಎದುರುಬದುರಾಗಿ ಎರಡು ಗಾಡಿಗಳು ಬಾರದ ಹಾಗೆ ಟೋಕನ್ ಎಂಬ ಏರ್ಪಾಡು ಇತ್ತು. ಮುಂದಿನ ನಿಲ್ದಾಣದ ಸ್ಟೇಷನ್ ಮಾಸ್ತರನು ತನ್ನ ಕಡೆಯಿಂದ ಒಪ್ಪಿಗೆ ಕೊಟ್ಟ ಹೊರತು ಈ ಕಡೆಯ ಪೆಟ್ಟಿಗೆಯಿಂದ ಟೋಕನ್ ಹೊರಗೆ ಬಾರದು. ಟೋಕನ್ ಕೈಗೆ ಬಂದ ಹೊರತು ಚಾಲಕನು ಗಾಡಿಯನ್ನು ಬಿಡನು. ಪೆಟ್ಟಿಗೆಯು ಜಾಣತನದ ಯಂತ್ರವೇ ಸರಿ. ಆದರೂ ಅದರ ಎರಡು ತುದಿಗಳಲ್ಲಿ ಹೆಸರುಳ್ಳ ಇಬ್ಬರು ಮನುಷ್ಯರು ಎಚ್ಚರವಾಗಿದ್ದರು. ಯಾತ್ರಿಕರು ನಿಶ್ಚಿಂತೆಯಾಗಿ ನಿದ್ರೆ ಮಾಡಿದ್ದು ಯಂತ್ರ ಮನುಷ್ಯರಿಬ್ಬರೂ ಕೂಡಿ ಕೆಲಸ ಮಾಡಿದ್ದರಿಂದಲೇ.

೨. ಈ ಹೊಸ ಯಂತ್ರವು ಎಂಥದು?

೧೯೫೦ರಲ್ಲಿ ಇಂಗ್ಲೆಂಡಿನ ಗಣಿತಜ್ಞನಾದ ಅಲನ್ ಟ್ಯೂರಿಂಗ್ ಎಂಬವನು ಯಂತ್ರವು ಯೋಚಿಸಬಲ್ಲದೋ ಎಂಬ ಪ್ರಶ್ನೆಯನ್ನು ಎತ್ತಿ ಒಂದು ಲೇಖನವನ್ನು ಬರೆದನು. ೧೯೫೬ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಕೆಲವು ವಿದ್ವಾಂಸರು ಕೂಡಿ ಈ ಶಾಸ್ತ್ರಕ್ಕೆ ಕೃತಕ ಬುದ್ಧಿ ಎಂಬ ಹೆಸರಿನಲ್ಲಿಯೇ ಅಡಿಪಾಯ ಹಾಕಿದರು. ಬಹು ವರುಷಗಳ ವರೆಗೆ ಅದು ವಿದ್ವಾಂಸರ ಕೋಣೆಯಲ್ಲಿಯೇ ಇತ್ತು. ೨೦೨೨ರ ನವೆಂಬರ್ ೩೦ರಲ್ಲಿ ಓಪನ್‌ಎಐ ಎಂಬ ಅಮೆರಿಕದ ಸಂಸ್ಥೆಯು ಚಾಟ್‌ಜಿಪಿಟಿಯನ್ನು ಎಲ್ಲರ ಕೈಗೆ ಕೊಟ್ಟ ಮೇಲೆ ಲೋಕವೆಲ್ಲಾ ಅದರ ಸಂಗಡ ಮಾತಾಡತೊಡಗಿತು.

ಇದು ಹೇಗೆ ಮಾತಾಡುತ್ತದೆ? ಅಜ್ಜಿಯ ಕಥೆಯನ್ನು ನೂರು ಸಾರಿ ಕೇಳಿದ ಮಗುವು, ಅಜ್ಜಿಯು "ಒಂದಾನೊಂದು" ಅನ್ನುತ್ತಲೇ "ಊರಿನಲ್ಲಿ" ಎಂದು ತಾನೇ ಮುಂದಕ್ಕೆ ಹೇಳುವದನ್ನು ನಾವು ಕಂಡಿದ್ದೇವೆ. ಈ ಯಂತ್ರಕ್ಕೆ ಕೋಟ್ಯಂತರ ಪುಟಗಳನ್ನು ಓದಿಸಿರುತ್ತಾರೆ. ಯಾವ ಮಾತಿನ ಹಿಂದೆ ಯಾವ ಮಾತು ಬರುವದು ಹೆಚ್ಚು ಸಹಜವೆಂಬದನ್ನು ಅದು ಲೆಕ್ಕದ ಮೂಲಕ ಕಲಿತುಕೊಂಡು, ಕೇಳಿದ ಪ್ರಶ್ನೆಗೆ ತಕ್ಕಂತೆ ಮಾತಿಗೆ ಮಾತನ್ನು ಜೋಡಿಸುತ್ತದೆ. ಓದಿದ್ದು ಬಹಳವಾದದರಿಂದ ಅದರ ಉತ್ತರವು ಅನೇಕ ಸಾರಿ ಸರಿಯಾಗಿಯೂ ಪ್ರಯೋಜನವುಳ್ಳದ್ದಾಗಿಯೂ ಇರುತ್ತದೆ. ಇದನ್ನು ಅಲ್ಲಗಳೆಯುವದು ನ್ಯಾಯವಲ್ಲ.

ನಮ್ಮ ದೇಶದಲ್ಲಿಯೂ ಕೆಲಸವು ನಡೆಯುತ್ತಲಿದೆ. ಭಾರತದ ಭಾಷೆಗಳನ್ನು ಗಣಕಯಂತ್ರಗಳಿಗೆ ಕಲಿಸುವದಕ್ಕಾಗಿ ಸರಕಾರವು ೨೦೨೨ರಲ್ಲಿ ಭಾಷಿಣಿ ಎಂಬ ಏರ್ಪಾಡನ್ನು ಆರಂಭಿಸಿತು. ವರುಷಕ್ಕೆ ೬,೦೦೦ ರೂಪಾಯಿಯನ್ನು ಮೂರು ಕಂತುಗಳಲ್ಲಿ ಕೊಡುವ ಕಿಸಾನ್ ಸಮ್ಮಾನ್ ಯೋಜನೆಯ ವಿಷಯವಾಗಿ ರೈತರ ಪ್ರಶ್ನೆಗಳಿಗೆ ಉತ್ತರ ಹೇಳಲು ೨೦೨೩ರಲ್ಲಿ ಕಿಸಾನ್ ಇ-ಮಿತ್ರ ಎಂಬ ಯಂತ್ರವನ್ನು ಇಟ್ಟರು. ಓದು ಬಾರದವನು ತನ್ನ ಭಾಷೆಯಲ್ಲಿ ಬಾಯಿಂದ ಕೇಳಿ ಕಿವಿಯಿಂದ ಉತ್ತರವನ್ನು ಪಡೆಯುವ ಕಾಲವು ಬರುವದಾದರೆ, ಅದು ಬಡವನಿಗೆ ದೊಡ್ಡ ಉಪಕಾರವೇ. ಅರ್ಜಿ ಬರೆಯುವವನ ಮುಂದೆ ಕೈಕಟ್ಟಿ ನಿಂತ ದಿನಗಳನ್ನು ನಮ್ಮ ಹಿರಿಯರು ಮರೆತಿಲ್ಲ.

೩. ಅದು ಎಲ್ಲಿ ತಪ್ಪುವದು?

ಮಾತನ್ನು ಜೋಡಿಸುವದು ಬೇರೆ, ಸಂಗತಿಯನ್ನು ಬಲ್ಲದ್ದು ಬೇರೆ. ಈ ಯಂತ್ರಕ್ಕೆ ತಿಳಿಯದ ವಿಷಯವನ್ನು ಕೇಳಿದಾಗಲೂ ಅದು ಅನೇಕ ಸಾರಿ ಸುಮ್ಮನಿರದೆ, ತಿಳಿದದ್ದನ್ನು ಹೇಳುವ ಸ್ವರದಲ್ಲಿಯೇ ಕಲ್ಪಿಸಿ ಹೇಳಿಬಿಡುತ್ತದೆ. ಸುಳ್ಳು ಹೇಳುವ ಮನುಷ್ಯನ ಮುಖವು ಬಾಡುವದುಂಟು, ಮಾತು ತಡವರಿಸುವದುಂಟು. ಯಂತ್ರಕ್ಕೆ ಅಂಥ ಗುರುತು ಇಲ್ಲ.

೨೦೨೩ರಲ್ಲಿ ಅಮೆರಿಕದ ನ್ಯೂಯಾರ್ಕ್ ಪಟ್ಟಣದಲ್ಲಿ ಇದು ಬಹಿರಂಗವಾಯಿತು. ಒಂದು ವಿಮಾನ ಸಂಸ್ಥೆಯ ಮೇಲಿನ ವ್ಯಾಜ್ಯದಲ್ಲಿ ವಕೀಲರು ಹಳೆಯ ತೀರ್ಪುಗಳನ್ನು ಎತ್ತಿ ತೋರಿಸಿದರು. ನ್ಯಾಯಾಲಯವು ಹುಡುಕಿ ನೋಡುವಲ್ಲಿ ಅಂಥ ತೀರ್ಪುಗಳು ಇರಲೇ ಇಲ್ಲ; ಚಾಟ್‌ಜಿಪಿಟಿಯು ಅವುಗಳನ್ನು ಹೆಸರು ಸಹಿತವಾಗಿ ಕಟ್ಟಿ ಕೊಟ್ಟಿತ್ತು. ನ್ಯಾಯಾಧೀಶನು ಯಂತ್ರವನ್ನು ದಂಡಿಸಲಿಲ್ಲ. ಕಾಗದಕ್ಕೆ ಸಹಿ ಹಾಕಿದ ವಕೀಲರ ಕಡೆಗೇ ತಿರುಗಿ ೫,೦೦೦ ಡಾಲರ್ ದಂಡವನ್ನು ವಿಧಿಸಿದನು. ಯಾಕಂದರೆ ಸಹಿ ಹಾಕಿದವನೇ ಆ ಮಾತಿನ ಒಡೆಯನು.

ಕನ್ನಡದವರಾದ ನಾವು ಇನ್ನಷ್ಟು ಎಚ್ಚರವಾಗಿರಬೇಕು. ಯಂತ್ರಕ್ಕೆ ಓದಿಸಿದ ಪುಟಗಳಲ್ಲಿ ಇಂಗ್ಲಿಷಿನ ರಾಶಿಯೇ ದೊಡ್ಡದು, ಕನ್ನಡದ ಪಾಲು ಬಹಳ ಚಿಕ್ಕದು. ಹಾಸನ ಸೀಮೆಯ ಮಾತಿನ ರೀತಿ, ನಮ್ಮ ಹೊಲದ ಮಣ್ಣು, ನಮ್ಮ ಮನೆಮದ್ದು ಇವುಗಳನ್ನು ಕುರಿತು ಅಚ್ಚಾದದ್ದು ಮತ್ತೂ ಸ್ವಲ್ಪವೇ. ಆದದರಿಂದ ದೊಡ್ಡ ಪಟ್ಟಣದವನಿಗೆ ಇಂಗ್ಲಿಷಿನಲ್ಲಿ ಸರಿಯಾದ ಉತ್ತರ ಕೊಡುವ ಯಂತ್ರವೇ ಹಳ್ಳಿಯವನಿಗೆ ಕನ್ನಡದಲ್ಲಿ ತಪ್ಪು ಉತ್ತರ ಕೊಟ್ಟೀತು. ವಿಚಾರಿಸಿ ನೋಡುವ ಅನುಕೂಲವು ಯಾರಿಗೆ ಕಡಿಮೆಯೋ ಅವರ ಪಾಲಿಗೇ ತಪ್ಪು ಹೆಚ್ಚಾಗಿ ಬರುವದೆಂಬದು ದುಃಖದ ಸಂಗತಿ.

ಇಲ್ಲಿ ನಮ್ಮ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರ ಕೆಲಸವನ್ನು ಹೋಲಿಸಿ ನೋಡುವದು ಒಳ್ಳೇದು. ೧೯೦೩ರಲ್ಲಿ ಅವರು ಪುಣೆಯ ಬಳಿಯ ಖಡಕವಾಸ್ಲಾ ಜಲಾಶಯಕ್ಕೆ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಹಾಕಿಸಿದರು. ನೀರು ಒಂದು ಮಟ್ಟಕ್ಕೆ ಏರಿದಾಗ ಬಾಗಿಲು ತೆರೆದುಕೊಳ್ಳುವದು, ಇಳಿದಾಗ ಮುಚ್ಚಿಕೊಳ್ಳುವದು. ಅಲ್ಲಿಯೂ ಯಂತ್ರವೇ ಕೆಲಸವನ್ನು ನಡಿಸಿತು. ಆದರೆ ಬಾಗಿಲು ಯಾಕೆ ತೆರೆಯಿತೆಂದು ಕೇಳಿದವನಿಗೆ ಅದನ್ನು ಮಾಡಿದವರು ನೀರಿನ ಭಾರದ ಲೆಕ್ಕವನ್ನು ತೋರಿಸಿ ವಿವರಿಸಬಲ್ಲವರಾಗಿದ್ದರು. ಈಗಿನ ಮಾತಾಡುವ ಯಂತ್ರವು ಇಂಥ ಉತ್ತರವನ್ನೇ ಯಾಕೆ ಕೊಟ್ಟಿತೆಂದು ಅದನ್ನು ಕಟ್ಟಿದ ಪಂಡಿತರೂ ಪೂರ್ಣವಾಗಿ ಹೇಳಲಾರರು. ಕಾರಣವನ್ನು ಕೊಡಲಾರದ ಸಾಧನವು ಎಷ್ಟು ಬಲವುಳ್ಳದ್ದೋ, ಅದರ ಹತ್ತಿರ ಅಷ್ಟು ಎಚ್ಚರವುಳ್ಳ ಮನುಷ್ಯನು ನಿಲ್ಲಬೇಕು.

೪. ಹೆಸರನ್ನು ಕೆತ್ತಿದವರು

ಬೇಲೂರಿನ ಚೆನ್ನಕೇಶವ ಗುಡಿಯನ್ನು ೧೧೧೭ರಲ್ಲಿ ವಿಷ್ಣುವರ್ಧನ ರಾಜನು ಕಟ್ಟಿಸಿದನೆಂದು ಎಲ್ಲರೂ ಬಲ್ಲರು. ೨೦೨೩ರಲ್ಲಿ ಯುನೆಸ್ಕೋ ಸಂಸ್ಥೆಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಕಟ್ಟಡಗಳನ್ನು ಲೋಕದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಇಲ್ಲಿ ಎತ್ತುವದು ಆ ಗುಡಿಗಳ ಪೂಜೆಯ ವಿಷಯವನ್ನಲ್ಲ, ಕೆಲಸಗಾರರ ವಿಷಯವನ್ನು. ರಾಜನು ಕಟ್ಟಿಸಿದ ಕಟ್ಟಡದಲ್ಲಿ ರಾಜನ ಹೆಸರು ಮಾತ್ರ ಉಳಿಯುವದು ಲೋಕದ ವಾಡಿಕೆ. ಬೇಲೂರಿನಲ್ಲಿಯಾದರೋ ವಿಗ್ರಹಗಳ ಅಡಿಯಲ್ಲಿ ಶಿಲ್ಪಿಗಳ ಹೆಸರುಗಳು ಕೆತ್ತಿರುತ್ತವೆ. ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ತಾವು ಮಾಡಿದ ಕೆಲಸದ ಕೆಳಗೆ ತಮ್ಮ ಹೆಸರುಗಳನ್ನಿಟ್ಟರು. ನೂರು ವರುಷಗಳು ಕಳೆದ ಮೇಲೆ ಸೋಮನಾಥಪುರದಲ್ಲಿ ಮಲ್ಲಿತಮ್ಮನೆಂಬ ಶಿಲ್ಪಿಯೂ ಹಾಗೆಯೇ ಮಾಡಿದನು.

ಹೆಸರನ್ನು ಕೆತ್ತುವದರಲ್ಲಿ ಕೀರ್ತಿಯ ಆಶೆ ಇದ್ದಿರಬಹುದು. ಆದರೆ ಅದರಲ್ಲಿ ಹೊಣೆಯೂ ಉಂಟು. ಬೆರಳು ಮೊಂಡಾದರೆ, ಕಲ್ಲು ಬಿರುಕು ಬಿಟ್ಟರೆ, ಇದು ಯಾರ ಕೈಕೆಲಸವೆಂದು ಮುಂದಿನ ತಲೆಯವರು ಓದಿ ತಿಳಿಯುವರು. ಒಂಬೈನೂರು ವರುಷಗಳ ಮೇಲೆ ಬಂದ ನಾವು ಸಹ ಓದುತ್ತೇವೆ. ಹೆಸರಿಟ್ಟವನು ತಪ್ಪನ್ನು ಉಳಿಯ ಮೇಲೆ ಹಾಕಲಾರನು.

ಇದೇ ನೀತಿಯು ನಮ್ಮ ಕಾಲದಲ್ಲಿ ಗಣಕಯಂತ್ರದ ಸಂಗಡ ಕೂಡಿಬಂದ ಒಂದು ದೃಷ್ಟಾಂತವು ಕರ್ನಾಟಕದಲ್ಲಿಯೇ ಉಂಟು. ಅದು ಭೂಮಿ ಯೋಜನೆ. ಹಿಂದೆ ಪಹಣಿ ಪುಸ್ತಕವು ಗ್ರಾಮ ಲೆಕ್ಕಿಗನ ಕೈಯಲ್ಲಿತ್ತು. ಪಹಣಿಯ ನಕಲಿಗಾಗಿ ಬಡ ರೈತನು ಎಷ್ಟು ಸಾರಿ ಅಲೆದಾಡಬೇಕಾಗಿತ್ತು, ಕೈಯಲ್ಲಿ ಏನೇನು ಹಿಡಿದುಕೊಂಡು ಹೋಗಬೇಕಾಗಿತ್ತು ಎಂಬದನ್ನು ನಾವು ವಿವರಿಸುವ ಅವಶ್ಯವಿಲ್ಲ. ಹೊಸ ಶತಮಾನದ ಮೊದಲ ವರುಷಗಳಲ್ಲಿ, ರಾಜೀವ್ ಚಾವ್ಲಾ ಎಂಬ ಅಧಿಕಾರಿಯ ಮುಂದಾಳುತನದಲ್ಲಿ, ಸುಮಾರು ೬೭ ಲಕ್ಷ ರೈತರ ೨ ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಸೇರಿದವು. ತಾಲ್ಲೂಕು ಕಚೇರಿಯಲ್ಲಿ ೧೫ ರೂಪಾಯಿ ಕೊಟ್ಟವನಿಗೆ ಅಚ್ಚಾದ ಪಹಣಿಯು ಸಿಕ್ಕಿತು.

ಯಂತ್ರವನ್ನು ತಂದದ್ದರಿಂದ ಮಾತ್ರ ಇದು ನಡೆಯಲಿಲ್ಲವೆಂಬದನ್ನು ವಾಚಕರು ಗ್ರಹಿಸಬೇಕು. ಖಾತೆ ಬದಲಾವಣೆಯ ಅರ್ಜಿಗಳು ಮೊದಲು ಬಂದದ್ದು ಮೊದಲು ಎಂಬ ಕ್ರಮದಲ್ಲಿಯೇ ನಡೆಯಬೇಕೆಂದು ನಿಯಮಿಸಿದರು. ಆದದರಿಂದ ಧನವಂತನ ಕಾಗದವು ಬಡವನ ಕಾಗದವನ್ನು ದಾಟಿ ಹೋಗುವ ದಾರಿ ಕಿರಿದಾಯಿತು. ಲೆಕ್ಕವನ್ನು ತಿದ್ದುವ ಅಧಿಕಾರಿಯು ತನ್ನ ಬೆರಳಿನ ಗುರುತನ್ನು ಯಂತ್ರಕ್ಕೆ ಕೊಟ್ಟ ಹೊರತು ತಿದ್ದಲಾರದ ಹಾಗೆ ಏರ್ಪಡಿಸಿದರು. "ಇದನ್ನು ನಾನು ಮಾಡಲಿಲ್ಲ" ಎಂದು ಆಮೇಲೆ ಜಾರಿಕೊಳ್ಳಲು ಅವನಿಗೆ ಎಡೆಯಿಲ್ಲ. ದಾಸೋಜನು ಕಲ್ಲಿನಲ್ಲಿ ಕೆತ್ತಿದ ಹೆಸರು ಇಲ್ಲಿ ಬೆರಳಚ್ಚಾಗಿ ಬಂತು. ಆದರೂ ಹಳೆಯ ಪುಸ್ತಕದಲ್ಲಿ ಹೆಸರೋ ಅಳತೆಯೋ ತಪ್ಪಾಗಿದ್ದರೆ ಅಚ್ಚಾದ ಪಹಣಿಯಲ್ಲಿಯೂ ಅದು ತಪ್ಪಾಗಿಯೇ ಬರುವದು. ಅಕ್ಷರವು ಅಂದವಾದ ಮಾತ್ರಕ್ಕೆ ಸಂಗತಿಯು ಸತ್ಯವಾಗದು. ಆದದರಿಂದ ನಿಮ್ಮ ಪಹಣಿಯನ್ನು ಪಡೆದು ಸಾಲುಸಾಲಾಗಿ ಓದಿ ನೋಡಿರಿ, ಓದಲಾರದವರು ನಂಬಿಗಸ್ತನಿಂದ ಓದಿಸಿರಿ.

೫. ಯಂತ್ರವು ಕಂಡಿತು, ಗಾಡಿಯನ್ನು ನಿಲ್ಲಿಸಿದವರು ಯಾರು?

ಬೇಲೂರು, ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳ ಕೆಲಸದವರಿಗೆ ಕಾಡಾನೆಯ ಭಯವು ಏನೆಂಬದು ತಿಳಿದದೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೋದವರು ಆನೆಯ ಎದುರಿಗೆ ಸಿಕ್ಕಿ ಪ್ರಾಣ ಕಳಕೊಂಡದ್ದುಂಟು. ಅರಣ್ಯ ಇಲಾಖೆಯವರು ಹಿಂಡನ್ನು ನಡಿಸುವ ಕೆಲವು ಹೆಣ್ಣಾನೆಗಳ ಕೊರಳಿಗೆ ರೇಡಿಯೋ ಪಟ್ಟಿಯನ್ನು ಕಟ್ಟಿ, ಹಿಂಡು ಎಲ್ಲಿದೆ ಎಂಬ ಸಮಾಚಾರವನ್ನು ಊರವರ ಫೋನುಗಳಿಗೆ ಕಳುಹಿಸುತ್ತಾರೆ.

ತಮಿಳುನಾಡಿನ ಕೊಯಮತ್ತೂರಿನ ಬಳಿ ಇದಕ್ಕಿಂತ ಮುಂದಕ್ಕೆ ಹೋದರು. ೨೦೨೧ರ ನವೆಂಬರಿನಲ್ಲಿ ಮಂಗಳೂರಿನಿಂದ ಚೆನ್ನೈಗೆ ಹೋಗುತ್ತಿದ್ದ ರೈಲು ಬಡಿದು ಅಲ್ಲಿ ಮೂರು ಆನೆಗಳು ಸತ್ತವು. ೨೦೨೪ರ ಫೆಬ್ರವರಿಯಲ್ಲಿ ಮದುಕ್ಕರೈ ಎಂಬ ಸ್ಥಳದಲ್ಲಿ ಹಳಿಯ ಬದಿಗೆ ೧೨ ಗೋಪುರಗಳನ್ನು ನಿಲ್ಲಿಸಿ, ಮೈಯ ಕಾವಿನಿಂದ ಕತ್ತಲಲ್ಲಿಯೂ ಪ್ರಾಣಿಯನ್ನು ಕಾಣುವ ಕ್ಯಾಮರಾಗಳನ್ನು ಇಟ್ಟರು. ಕಂಡದ್ದು ಆನೆಯೋ ಅಲ್ಲವೋ ಎಂಬದನ್ನು ಕೃತಕ ಬುದ್ಧಿಯು ಗುರುತಿಸಿ ಕಾವಲುಮನೆಗೆ ಎಚ್ಚರಿಕೆ ಕೊಡುತ್ತದೆ. ಹಗಲಿರುಳು ಕಣ್ಣು ಮುಚ್ಚದೆ ನೋಡುವದು ಮನುಷ್ಯನಿಂದ ಆಗದು. ಈ ಕೆಲಸದಲ್ಲಿ ಯಂತ್ರವು ನಮಗಿಂತ ಮೇಲು.

ಆದರೆ ಎಚ್ಚರಿಕೆಯು ಬಂದಾಗ ಕಾವಲುಮನೆಯಲ್ಲಿ ಒಬ್ಬನು ಕೂತಿರಬೇಕು. ಅವನು ಅದನ್ನು ನೋಡಿ ರೈಲ್ವೆಯವರಿಗೆ ತಿಳಿಸಬೇಕು. ಚಾಲಕನು ವೇಗವನ್ನು ತಗ್ಗಿಸಬೇಕು. ಈ ಸರಪಣಿಯಲ್ಲಿ ಒಂದು ಕೊಂಡಿ ಕಳಚಿದರೂ ಗೋಪುರದ ಮೇಲಿನ ಕಣ್ಣು ವ್ಯರ್ಥ. ಹಾಗೆಯೇ ನಮ್ಮ ತೋಟದ ಮೇಸ್ತ್ರಿಯು ಫೋನಿಗೆ ಬಂದ ಸಮಾಚಾರವನ್ನು ನೋಡದೆ ಹೆಂಗಸರನ್ನು ಆನೆಯಿರುವ ಕಡೆಗೆ ಕಳುಹಿಸಿದರೆ ತಪ್ಪು ಪಟ್ಟಿಯದ್ದೋ, ಮೇಸ್ತ್ರಿಯದ್ದೋ? ನೀವೇ ಹೇಳಿರಿ.

ಯಂತ್ರವನ್ನೇ ನೆಚ್ಚಿಕೊಂಡು ಕೈಕೆಲಸದ ಜ್ಞಾನವನ್ನು ಮರೆಯಬಾರದೆಂಬದಕ್ಕೂ ಸಾಕ್ಷಿಯುಂಟು. ೨೦೨೪ರ ಆಗಸ್ಟ್ ೧೦ರ ರಾತ್ರಿಯಲ್ಲಿ ತುಂಗಭದ್ರಾ ಅಣೆಕಟ್ಟಿನ ೧೯ನೇ ಬಾಗಿಲಿನ ಸರಪಣಿ ಕಡಿದು ಬಾಗಿಲೇ ಕೊಚ್ಚಿಕೊಂಡು ಹೋಯಿತು. ಹರಿಯುವ ನೀರಿನ ನಡುವೆ ತಾತ್ಕಾಲಿಕ ತಡೆಯನ್ನು ಇಳಿಸುವ ಕೆಲಸಕ್ಕೆ ಕರೆತಂದದ್ದು ಎನ್. ಕನ್ನಯ್ಯ ನಾಯ್ಡು ಎಂಬ ವೃದ್ಧ ತಜ್ಞರನ್ನು. ಬಹುಕಾಲ ಬಾಗಿಲುಗಳ ಕೆಲಸದಲ್ಲಿಯೇ ಬಾಳಿದ ಅವರ ಮೇಲ್ವಿಚಾರಣೆಯಲ್ಲಿ ಸುಮಾರು ಒಂದು ವಾರದಲ್ಲಿ ನೀರು ನಿಂತಿತು. ಅಂಥವರ ಕೈಕೆಳಗೆ ಕಲಿಯುವ ಯೌವನಸ್ಥರು ಇಲ್ಲದೆ ಹೋದರೆ ಮುಂದೆ ಸರಪಣಿ ಕಡಿದಾಗ ಯಾರನ್ನು ಕರೆಯುವೆವು?

೬. ಮುಂದಾಳಿನ ಲಕ್ಷಣವೇನು?

ಈ ಶಾಸ್ತ್ರದ ದೊಡ್ಡವರಲ್ಲಿ ಒಬ್ಬರಾದ ಜೆಫ್ರಿ ಹಿಂಟನ್ ಎಂಬವರು ೨೦೨೩ರ ಮೇ ತಿಂಗಳಲ್ಲಿ ಗೂಗಲ್ ಸಂಸ್ಥೆಯ ಕೆಲಸವನ್ನು ಬಿಟ್ಟು, ತಾವು ಬೆಳೆಸಿದ ವಿದ್ಯೆಯ ಅಪಾಯಗಳನ್ನು ಕುರಿತು ಬಹಿರಂಗವಾಗಿ ಮಾತಾಡತೊಡಗಿದರು. ಮರುವರುಷ ಅವರಿಗೂ ಜಾನ್ ಹಾಪ್‌ಫೀಲ್ಡ್ ಎಂಬವರಿಗೂ ಭೌತಶಾಸ್ತ್ರದ ನೊಬೆಲ್ ಬಹುಮಾನವು ದೊರೆಯಿತು. ಅದೇ ೨೦೨೩ರ ಮೇ ತಿಂಗಳಲ್ಲಿ ಈ ಯಂತ್ರಗಳನ್ನು ಕಟ್ಟುವ ಸಂಸ್ಥೆಗಳ ಮುಖ್ಯಸ್ಥರು ಕೆಲವರು, ಇದರಿಂದ ಮನುಷ್ಯಜಾತಿಗೇ ಅಪಾಯ ಬರಬಹುದೆಂಬ ಹೇಳಿಕೆಗೆ ಸಹಿ ಹಾಕಿದರು. ಆದರೂ ಅವರ ಸಂಸ್ಥೆಗಳು ಒಂದನ್ನೊಂದು ಮೀರಿಸುವದಕ್ಕೆ ಓಡುತ್ತಲೇ ಇವೆ. ಅಪಾಯವುಂಟೆಂದು ಹೇಳುವದು ಪ್ರಾಮಾಣಿಕತೆಯೇ. ಆದರೆ ಹೇಳಿದ ಮೇಲೆ ಓಟವನ್ನು ತಗ್ಗಿಸದಿದ್ದರೆ ಆ ಸಹಿಗೆ ಬೆಲೆ ಎಷ್ಟು? ಐರೋಪ್ಯ ಒಕ್ಕೂಟವು ಇಂಥವರ ಮಾತಿಗೆ ಮಾತ್ರ ಬಿಡದೆ ಕಾನೂನನ್ನು ಮಾಡಿ ೨೦೨೪ರ ಆಗಸ್ಟ್ ೧ರಿಂದ ಜಾರಿಗೆ ತಂದಿತು.

ಅಮೆರಿಕದ ಧನಿಕರನ್ನು ತಿದ್ದುವದು ನಮ್ಮ ಕೈಯಲ್ಲಿಲ್ಲ. ಆದರೆ ನಮ್ಮ ಹಳ್ಳಿಯಲ್ಲಿಯೂ ಮುಂದಾಳುಗಳುಂಟು. ಸಹಕಾರ ಸಂಘದ ಕಾರ್ಯದರ್ಶಿ, ಶಾಲೆಯ ಉಪಾಧ್ಯಾಯಿನಿ, ಆಶಾ ಕಾರ್ಯಕರ್ತೆ, ಪಂಚಾಯಿತಿಯ ಸದಸ್ಯ, ಸಭೆಯ ಹಿರಿಯ, ಉಪದೇಶಿ ಇವರೆಲ್ಲರ ಬಾಯಿಂದ ಬಂದ ಮಾತನ್ನು ಜನರು ನಂಬುತ್ತಾರೆ. ಇವರಲ್ಲಿ ಒಬ್ಬನು ಯಂತ್ರದಿಂದ ಒಂದು ಮಾತನ್ನು ಪಡೆದು ತನ್ನದೆಂದು ಹೇಳಿದರೆ, ಅದರ ಹೊಣೆಯೂ ಅವನದೇ. ಉಪದೇಶಿಗಳಾದ ನಾವು ಪಾಠವನ್ನು ಸಿದ್ಧಪಡಿಸುವಾಗ ಯಂತ್ರದ ಸಹಾಯ ತಕ್ಕೊಂಡರೂ, ಒಂದೊಂದು ಮಾತನ್ನು ನಾವೇ ಪರೀಕ್ಷಿಸತಕ್ಕದ್ದು. ರೋಗಿಯ ಹಾಸಿಗೆಯ ಬಳಿಯಲ್ಲಿ ಕೂತುಕೊಳ್ಳುವ ಕೆಲಸವನ್ನಂತೂ ಅದಕ್ಕೆ ಒಪ್ಪಿಸಕೂಡದು. ದಾಸೋಜನ ಹಾಗೆ ಕೆಲಸದ ಕೆಳಗೆ ತನ್ನ ಹೆಸರನ್ನಿಡಲು ಧೈರ್ಯವುಳ್ಳವನು ಮುಂದಾಳು. ಹೊಗಳಿಕೆ ಬಂದಾಗ "ನಾನು ಮಾಡಿದೆ" ಎಂದೂ ಕೇಡು ಬಂದಾಗ "ಯಂತ್ರವು ಹೇಳಿತು" ಎಂದೂ ಅನ್ನುವವನ ಕೈಗೆ ಸಂಘದ ಲೆಕ್ಕವನ್ನಾಗಲಿ ಮಕ್ಕಳ ಓದನ್ನಾಗಲಿ ಒಪ್ಪಿಸಬೇಡಿರಿ.

೭. ಮನೆಯಲ್ಲಿ ನಡಿಸತಕ್ಕ ಕೆಲವು ನಿಯಮಗಳು

ಮೊದಲನೆಯದು: ಔಷಧ, ಬೆಳೆಗೆ ಹೊಡೆಯುವ ವಿಷ, ಜಮೀನಿನ ಕಾಗದ, ಸಾಲ ಈ ನಾಲ್ಕು ವಿಷಯಗಳಲ್ಲಿ ಯಂತ್ರದ ಮಾತು ಕೊನೆಯ ಮಾತಾಗಬಾರದು. ಅದನ್ನು ಕೇಳಿದ ಮೇಲೆ ವೈದ್ಯರನ್ನೋ, ಕೃಷಿ ಇಲಾಖೆಯವರನ್ನೋ, ಬಲ್ಲ ಹಿರಿಯರನ್ನೋ ವಿಚಾರಿಸಿರಿ.

ಎರಡನೆಯದು: ಮಕ್ಕಳು ಯಂತ್ರದಿಂದ ಬರೆಸಿದ್ದನ್ನು ಪುಸ್ತಕ ಮುಚ್ಚಿ ಬಾಯಿಂದ ಹೇಳಲಿ. ಹೇಳಲಾರದಿದ್ದರೆ ಅವರು ಅದನ್ನು ಕಲಿತಿಲ್ಲ. ಹೊಲದಲ್ಲಿ ಇನ್ನೊಬ್ಬನು ಉತ್ತರೆ ನಮ್ಮ ಎತ್ತು ಪಳಗುವದೇ?

ಮೂರನೆಯದು: ಒಬ್ಬನ ಸ್ವರವನ್ನು ಯಂತ್ರವು ಈಗ ಹಾಗೆಯೇ ಅನುಕರಿಸಬಲ್ಲದು. ಬೆಂಗಳೂರಿನಲ್ಲಿರುವ ಮಗನ ಸ್ವರದಲ್ಲಿ ಯಾರಾದರೂ ಅತ್ತು ಹಣ ಕೇಳಿದರೆ, ಫೋನನ್ನು ಇಟ್ಟು ಮಗನ ನಂಬರಿಗೆ ನೀವೇ ಕರೆ ಮಾಡಿರಿ. ಪೊಲೀಸನ ವೇಷದಲ್ಲಿ ಫೋನಿನ ಪರದೆಗೆ ಬಂದು ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದೆವೆಂದು ಹೆದರಿಸುವವರೂ ಇದ್ದಾರೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ದಸ್ತಗಿರಿ ಇಲ್ಲವೇ ಇಲ್ಲ. ಮೋಸಹೋದವರು ನಾಚಿಕೆಯಿಂದ ಸುಮ್ಮನಿರದೆ ಆ ಕ್ಷಣವೇ ೧೯೩೦ ಎಂಬ ನಂಬರಿಗೆ ತಿಳಿಸಬೇಕು. ತಡವಾದಷ್ಟೂ ಹಣವನ್ನು ತಡೆಯುವದು ಕಷ್ಟ.

ನಾಲ್ಕನೆಯದು: ಕಚೇರಿಯಲ್ಲಾಗಲಿ ಬ್ಯಾಂಕಿನಲ್ಲಾಗಲಿ "ಕಂಪ್ಯೂಟರ್ ಒಪ್ಪುವದಿಲ್ಲ" ಎಂದು ನಿಮ್ಮನ್ನು ಹಿಂದಕ್ಕೆ ಕಳುಹಿಸಿದರೆ, ಹಾಗೆ ನಿರ್ಣಯಿಸಿದ ಅಧಿಕಾರಿ ಯಾರೆಂದು ಮರ್ಯಾದೆಯಿಂದ ಕೇಳಿರಿ, ಕಾರಣವನ್ನು ಕಾಗದದ ಮೇಲೆ ಕೊಡಬೇಕೆಂದು ಬೇಡಿಕೊಳ್ಳಿರಿ. ಯಂತ್ರದ ಹಿಂದೆ ಹೆಸರುಳ್ಳ ಮನುಷ್ಯನು ಇರಲೇಬೇಕು. ಅವನನ್ನು ಕಾಣುವದು ಬಡವನ ಹಕ್ಕು.

ಓದುಕೂಟದಲ್ಲಿ ಕೇಳತಕ್ಕ ಪ್ರಶ್ನೆಗಳು

(೧) ಬಸ್ತಿಹಳ್ಳಿಯ ಕಂಬದ ಕೆಲಸದಲ್ಲಿ ಯಂತ್ರದ ಪಾಲು ಯಾವದು, ಮನುಷ್ಯನ ಪಾಲು ಯಾವದು?
(೨) ಮಾತಾಡುವ ಯಂತ್ರವು ಕನ್ನಡದಲ್ಲಿ ಹೆಚ್ಚಾಗಿ ತಪ್ಪುವದಕ್ಕೆ ಕಾರಣವೇನು?
(೩) ನ್ಯೂಯಾರ್ಕಿನ ನ್ಯಾಯಾಧೀಶನು ವಕೀಲರನ್ನೇ ದಂಡಿಸಿದ್ದು ಯಾಕೆ?
(೪) ಬೇಲೂರಿನ ಶಿಲ್ಪಿಯ ಹೆಸರಿಗೂ ಭೂಮಿ ಯೋಜನೆಯ ಬೆರಳಚ್ಚಿಗೂ ಇರುವ ಹೋಲಿಕೆಯನ್ನು ವಿವರಿಸಿರಿ.
(೫) ನಿಮ್ಮ ಊರಿನಲ್ಲಿ ಯಂತ್ರದ ಮಾತಿನಿಂದ ನಡೆಯುವ ಕೆಲಸಗಳು ಯಾವವು? ಅವುಗಳಲ್ಲಿ ತಪ್ಪಾದರೆ ಉತ್ತರ ಕೊಡತಕ್ಕವರು ಯಾರು? ಒಂದೊಂದಕ್ಕೂ ಒಬ್ಬರ ಹೆಸರನ್ನು ಹೇಳಿರಿ. ಹೆಸರು ಸಿಕ್ಕದ ಕೆಲಸವಿದ್ದರೆ, ಅದಕ್ಕೆ ಯಾರು ಹೊಣೆಯಾಗಬೇಕೆಂದು ಕೂಟವು ಏಳುವ ಮುಂಚೆ ಮಾತಾಡಿಕೊಳ್ಳಿರಿ.